ಎಡವುವ ಕೆಲಸ

ನಗುವವರ ಮುಂದೆ ಎಡವಿ ಬೀಳಬಾರದು ಅನ್ನುತ್ತಾರೆ.
ಅವನಿಗೆ ಅದೇ ಕೆಲಸ. ವಾರಕ್ಕೆ ಹದಿನೆಂಟು ಡಾಲರು,
ಶನಿವಾರ ಮೂರು ಆಟ, ರೈಲಿನ ಖರ್ಚು ಅವನದೇ.

ಚಟನೂಗದ ಆ ಥಿಯೇಟರಿನ ಹಿಂಬಾಗಿಲಲ್ಲಿ
ನಾನು ಬಿರಡೆ ಸುಡುವ ಹುಡುಗ.
ಹೆಂಡದಂಗಡಿಯ ಕಸದಿಂದ ಆರಿಸಿ ತಂದು
ತಗಡಿನ ಡಬ್ಬಿಯಲ್ಲಿ ಸುಟ್ಟು, ಅರೆದು, ನೀರು ಹನಿಸಿ
ಕಾಡಿಗೆಯ ಹದಕ್ಕೆ ತರಬೇಕು.
ಮೊದಲ ದಿನ ಕೇಳಿದ್ದೆ: ‘ನೀವು ಮೊದಲೇ ಕಪ್ಪು. ಇದ್ಯಾಕೆ?’
ಆಂಬ್ರೋಸ್ ಟಿಲರಿ ಕನ್ನಡಿಯಿಂದ ಕಣ್ಣು ಕೀಳಲಿಲ್ಲ.
‘ನನ್ನ ಕಪ್ಪು ಅವರಿಗೆ ಸಾಲದಂತೆ, ಮರಿ.
ಅವರು ದುಡ್ಡು ಕೊಡೋದು ಅವರೇ ಕಲಸಿದ ಕಪ್ಪಿಗೆ.’
ಬೇರೆಯವರು ಮುಖಕ್ಕೆ ಮಸಿ ಬಳಿದರೆ ಅವಮಾನ,
ತಾನೇ ಬಳಿದುಕೊಂಡರೆ ಸಂಬಳ ಉಂಟು —
ಇದು ನಾನು ಎಷ್ಟೋ ವರ್ಷದ ಮೇಲೆ ಸೇರಿಸಿದ ಮಾತು.
ಅವತ್ತು ಬರೀ ಡಬ್ಬಿ ಹಿಡಿದು ನಿಂತಿದ್ದೆ.

ಬೋರ್ಡಿನ ಮೇಲೆ ಅವನ ಹೆಸರು ಕಾಕಂಬಿ.
ಅಷ್ಟು ನಿಧಾನ. ಪರದೆ ಎದ್ದರೆ
ಬರಿದಾದ ರಂಗದ ನಡುವೆ ಒಂದೇ ಒಂದು ಕುರ್ಚಿ.
ಇವನು ಬರುತ್ತಾನೆ, ಯಾರದೋ ದೊಡ್ಡ ಬೂಟು ಎಳೆಯುತ್ತ,
ದಿನವಿಡೀ ಹತ್ತಿ ಬಿಡಿಸಿದವನ ಬೆನ್ನು ಹೊತ್ತು.
ಕುರ್ಚಿಯನ್ನು ನೋಡುತ್ತಾನೆ. ಟೋಪಿ ತೆಗೆಯುತ್ತಾನೆ.
ಕೈಸನ್ನೆಯಲ್ಲೇ ಅದರ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸುತ್ತಾನೆ.
ಕರವಸ್ತ್ರದಿಂದ ಧೂಳು ಒರೆಸಿ,
ಒರೆಸಿದ್ದಕ್ಕೆ ಕ್ಷಮೆ ಕೇಳುತ್ತಾನೆ.
ಇನ್ನೇನು ಕೂತ ಅನ್ನುವಾಗ, ಅಂಡಿಗೂ ಹಲಗೆಗೂ
ಗೇಣು ಅಂತರ ಉಳಿದಿರುವಾಗ,
ಎಲ್ಲೋ ಬಾಗಿಲು ಕಿರುಗುಟ್ಟಿದ ಸದ್ದು
(ನನ್ನ ಕೈಯಲ್ಲಿದ್ದ ತುಕ್ಕು ಕೀಲು) —
ಎಡವಿ, ಮುಗ್ಗರಿಸಿ, ಉರುಳಿ, ಎದ್ದರೆ
ಆರು ಅಡಿ ಆಚೆ, ಟೋಪಿ ಎದೆಗೆ.
ಹನ್ನೆರಡು ನಿಮಿಷ. ಒಂದು ಮಾತಿಲ್ಲ.
ಹದಿನೇಳು ವರ್ಷ ಅವನು ಕೂರಲಿಲ್ಲ.

ಕೆಳಗಿನ ಬಿಳಿಯರು ಅವನು ಬಿದ್ದಾಗ ನಗುತ್ತಿದ್ದರು.
ಮೇಲೆ, ಮೂರು ಮಹಡಿ ಹತ್ತಿ ಬಂದ ನಮ್ಮವರು
ಅದಕ್ಕೂ ಮೊದಲು, ಬಾಗಿಲ ಸದ್ದಿಗೇ.
ಈ ಎರಡು ನಗೆಯ ನಡುವಿನ ಅರೆಗಳಿಗೆಯೇ
ನನ್ನ ಊಟ, ಉಳಿದದ್ದು ಸಂಬಳ, ಅನ್ನುತ್ತಿದ್ದ.

ಒಂದೂರಲ್ಲಿ — ಹೆಸರು ಅವನು ಕೊನೆಗೂ ಹೇಳಲಿಲ್ಲ —
ಮುಂದಿನ ಸಾಲಿನವನೊಬ್ಬ ರಂಗ ಹತ್ತಿ
ಆ ಕುರ್ಚಿಯ ಮೇಲೆ ಕೂತನಂತೆ, ಕಾಲ ಮೇಲೆ ಕಾಲು ಹಾಕಿ.
‘ಹೂಂ, ಮುಂದುವರಿಸು’ ಅಂದನಂತೆ.
ಮುಂದುವರಿಸಿದ.
ಅವತ್ತು ಮಸಿ ತೊಳೆಯದೆ ರೈಲು ಹತ್ತಿದ್ದ,
ಹೆಂಡತಿ ಓಡೆಲಾ ತಲೆದಿಂಬಿನ ಮೇಲಿನ ಆ ಅರ್ಧ ಮುಖವನ್ನು
ಒಗೆಯದೆ ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು.

ಆಮೇಲೆ ಚಿತ್ರಗಳಿಗೆ ಬಾಯಿ ಬಂತು.
ಪಿಯಾನೋ ಇದ್ದ ಜಾಗಕ್ಕೆ ತುತ್ತೂರಿಯಂಥ ಯಂತ್ರ ಬಂತು.
ಮಾತೇ ಆಡದವನನ್ನು ಮಾತು ಮುಗಿಸಿತು.
ನಾನು ಉತ್ತರಕ್ಕೆ ಹೋದೆ, ಹಂದಿ ಕಡಿಯುವ ಕಾರ್ಖಾನೆಗೆ.

ಶಿಕಾಗೋದಲ್ಲಿ ಒಂದು ಡಿಸೆಂಬರ್, ಕಚೇರಿಯೊಂದರ ಲಿಫ್ಟು:
ಹಿತ್ತಾಳೆ ಗುಂಡಿಯ ಕೋಟು, ಬಿಳಿ ಕೈಗವಸು,
ಬೋಳಿಸಿದ ಗಲ್ಲ. ಮಸಿಯಿಲ್ಲದ ಆ ಮುಖವನ್ನು
ಬೆಳಕಲ್ಲಿ ನಾನು ಕಂಡದ್ದು ಅದೇ ಮೊದಲು.
‘ಬಿರಡೆ ಹುಡುಗ!’ ಅಂದ.
ಮೂಲೆಯಲ್ಲಿ ಒಂದು ಸ್ಟೂಲು. ಕಂಪನಿಯದು, ಅವನಿಗೆಂದೇ.

ಆರು ಏಳರ ನಡುವೆ ಹಿಡಿಕೆ ಎಳೆದು ನಿಲ್ಲಿಸಿದ.
ಟೋಪಿ ತೆಗೆದ. ಸ್ಟೂಲಿನ ಸಂಸಾರದ ಕ್ಷೇಮ ಕೇಳಿದ.
ಧೂಳು ಒರೆಸಿದ. ನಾನು ನಾಲಿಗೆಯಲ್ಲೇ
ಬಾಗಿಲು ಕಿರುಗುಟ್ಟಿಸಿದೆ.
ಅವನು ಎಡವಲಿಲ್ಲ.
ಕೂತ.
ಮೊಣಕಾಲು ಸವರಿಕೊಂಡ, ಉಸಿರು ಬಿಟ್ಟ,
ನನ್ನನ್ನೇ ನೋಡಿದ. ‘ಏನು, ನಗು ಬರಲಿಲ್ಲವಾ?’

ಏನು ಹೇಳಬೇಕೋ ತೋಚುವಷ್ಟರಲ್ಲಿ
ಒಂಬತ್ತರಿಂದ ಯಾರೋ ಗಂಟೆ ಒತ್ತಿದರು,
ಬಿಡದೆ ಒತ್ತುತ್ತಲೇ ಇದ್ದರು.
ಅವನಿನ್ನೂ ಕೂತೇ ಇದ್ದ,
ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡುತ್ತ,
ನಿಧಾನ, ಕಾಕಂಬಿಯ ಹಾಗೆ.